ದೂರು ಕೊಟ್ಟರೆ ಸಾಲದು, ನಂಬರ್ ಕೈಗೆ ಬರಬೇಕು: ದಕ್ಷಿಣ ಬೆಂಗಳೂರಿನವರಿಗೊಂದು ಪೊಲೀಸ್ ಸೇವೆಗಳ ಕೈಪಿಡಿ

2025ರ ಏಪ್ರಿಲ್ ಮೊದಲ ವಾರ. ಬಿಟಿಎಂ ಲೇಔಟ್‌ಗೆ ಅಂಟಿಕೊಂಡಿರುವ ಸುದ್ದಗುಂಟೆಪಾಳ್ಯದ ಒಂದು ಗಲ್ಲಿಯಲ್ಲಿ ರಾತ್ರಿ ನಡೆದು ಹೋಗುತ್ತಿದ್ದ ಯುವತಿಯ ಮೇಲೆ ಒಬ್ಬ ಎರಗಿದ ದೃಶ್ಯ ಸಿಸಿಟಿವಿಯಲ್ಲಿ ಸೆರೆಯಾಗಿ ಎಲ್ಲರ ಫೋನ್‌ಗೂ ಬಂತು. ಗೃಹ ಸಚಿವ ಜಿ. ಪರಮೇಶ್ವರ ಅವರು ದೊಡ್ಡ ನಗರದಲ್ಲಿ ಇಂಥದ್ದು ಅಲ್ಲೊಂದು ಇಲ್ಲೊಂದು ಆಗುತ್ತೆ ಎಂಬ ಅರ್ಥದ ಮಾತಾಡಿ, ಟೀಕೆ ಜೋರಾದ ಮೇಲೆ ವಿಷಾದ ವ್ಯಕ್ತಪಡಿಸಿದರು. ಆರೋಪಿ ಕೇರಳದಲ್ಲಿ ಸಿಕ್ಕಿಬಿದ್ದ. ಈ ಗದ್ದಲದಲ್ಲಿ ಹೆಚ್ಚು ಚರ್ಚೆಯಾಗದ ಒಂದು ವಿಷಯವಿದೆ. ಪ್ರಕರಣ ಶುರುವಾದದ್ದು ಆಕೆಯ ದೂರಿನಿಂದಲ್ಲ, ಕ್ಯಾಮೆರಾದಿಂದ. ಆ ಗೋಡೆಯ ಮೇಲೆ ಕ್ಯಾಮೆರಾ ಇಲ್ಲದಿದ್ದರೆ ಸರ್ಕಾರದ ಲೆಕ್ಕದಲ್ಲಿ ಆ ರಾತ್ರಿ ಏನೂ ನಡೆದೇ ಇರುತ್ತಿರಲಿಲ್ಲ.

ಈ ಕೈಪಿಡಿ ಬರೆಯಲು ನನಗಿರುವ ಕಾರಣ ಇದೇ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಭಾಗದಲ್ಲಿ ಇರುವವರಿಗೆ ಪೊಲೀಸ್ ಇಲಾಖೆಯ ಸೇವೆಗಳಿಗೇನೂ ಕೊರತೆಯಿಲ್ಲ. ಸಹಾಯವಾಣಿ, ಆ್ಯಪ್, ಕ್ಯೂಆರ್ ಕೋಡ್ ಎಲ್ಲ ಇವೆ. ಇವು ನಮಗೆ ಕೆಲಸಕ್ಕೆ ಬರುವುದು ದಾಖಲೆಯೊಂದು ಹುಟ್ಟಿದಾಗ ಮಾತ್ರ. ದಾಖಲೆ ಇಲ್ಲದ ದೂರು ಬರೀ ಮಾತು. "ನೋಡೋಣ ಬಿಡಿ, ಫೋನ್ ಮಾಡ್ತೀವಿ" ಅಂದದ್ದು ಎಲ್ಲೂ ಲೆಕ್ಕಕ್ಕೆ ಬರಲ್ಲ. ಹಾಗಾಗಿ ಕೆಳಗಿನ ಪ್ರತಿ ಸೇವೆಯ ಬಗ್ಗೆಯೂ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಕೊನೆಗೆ ನಿಮ್ಮ ಕೈಗೆ ಏನು ಬರುತ್ತೆ?

ಮೊದಲು, ನಿಮ್ಮ ಠಾಣೆ ಯಾವುದು?

ಬಡಾವಣೆಯ ಹೆಸರು ನೋಡಿ ಠಾಣೆ ಹುಡುಕಿದರೆ ದಾರಿ ತಪ್ಪುತ್ತೆ. ಬಿಟಿಎಂ ಅಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಈ ಹೆಸರಿನ ಲೇಔಟ್‌ನ ಬಹುಭಾಗ ಮೈಕೋ ಲೇಔಟ್ ಠಾಣೆಗೆ ಸೇರುತ್ತೆ, ಅಂಚಿನ ಭಾಗಗಳು ಮಡಿವಾಳಕ್ಕೋ ಸುದ್ದಗುಂಟೆಪಾಳ್ಯಕ್ಕೋ ಹೋಗುತ್ತವೆ. ಬನಶಂಕರಿಯ ಎಲ್ಲ ಹಂತಗಳೂ ಬನಶಂಕರಿ ಠಾಣೆಯದ್ದಲ್ಲ. ಚೆನ್ನಮ್ಮನಕೆರೆ ಅಚ್ಚುಕಟ್ಟು, ಕುಮಾರಸ್ವಾಮಿ ಲೇಔಟ್ ಠಾಣೆಗಳೂ ಇವೆ. ಜೆ.ಪಿ. ನಗರದ ಕೆಲವು ಹಂತಗಳವರು ಪುಟ್ಟೇನಹಳ್ಳಿ ಠಾಣೆಗೆ ಹೋಗಬೇಕಾಗುತ್ತೆ.

ಇನ್ನೂ ಎರಡು ವಿಷಯ ಗೊತ್ತಿರಲಿ. ಸಂಚಾರ ಠಾಣೆ ಬೇರೆ, ಕಾನೂನು ಸುವ್ಯವಸ್ಥೆ ಠಾಣೆ ಬೇರೆ. ಅಪಘಾತಕ್ಕೆ ಸಂಚಾರ ಠಾಣೆ, ಹಲ್ಲೆಗೆ ಕಾನೂನು ಸುವ್ಯವಸ್ಥೆ ಠಾಣೆ. ಜೊತೆಗೆ ಸೈಬರ್, ಆರ್ಥಿಕ ಅಪರಾಧ ಮತ್ತು ಮಾದಕ ವಸ್ತು ಪ್ರಕರಣಗಳಿಗೆ 'ಸೆನ್' ಠಾಣೆಗಳಿವೆ. ವಿಭಾಗಗಳ ಗಡಿ ಆಗಾಗ ಬದಲಾಗುತ್ತೆ, ಆದ್ದರಿಂದ ಮನೆಗೆ ಬಂದಾಗಲೇ ಒಮ್ಮೆ ಹತ್ತಿರದ ಠಾಣೆಗೆ ಕೇಳಿ ತಿಳಿದುಕೊಳ್ಳಿ.

ಗಡಿ ಗೊತ್ತಿಲ್ಲದಿದ್ದರೂ ದೂರು ನಿಲ್ಲಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು ಎನ್ನುತ್ತದೆ. ಇದನ್ನೇ ಜೀರೋ ಎಫ್‌ಐಆರ್ ಅನ್ನುವುದು. "ಇದು ನಮ್ಮ ಲಿಮಿಟ್ ಅಲ್ಲ" ಅಂತ ವಾಪಸ್ ಕಳಿಸುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ.

112: ತುರ್ತಿಗೆ ಒಂದೇ ನಂಬರ್

ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ 112. ಕರೆ ಕಂಟ್ರೋಲ್ ರೂಮ್‌ಗೆ ಹೋಗುತ್ತೆ, ಅಲ್ಲಿಂದ ಹತ್ತಿರದ ಹೊಯ್ಸಳ ವಾಹನಕ್ಕೆ ಸೂಚನೆ ಹೋಗುತ್ತೆ. ನಮ್ಮ ನಗರದಲ್ಲಿ ಯೋಜನೆಗಳ ಹೆಸರು ಬದಲಾಗುತ್ತಲೇ ಇರುತ್ತೆ. 2017ರಲ್ಲಿ ಸಿದ್ದರಾಮಯ್ಯ ಅವರ ಮೊದಲ ಅವಧಿಯಲ್ಲಿ 51 ಪಿಂಕ್ ಹೊಯ್ಸಳಗಳು ಬಂದವು, ಜೊತೆಗೆ 'ಸುರಕ್ಷಾ' ಆ್ಯಪ್ ಬಂತು. ಆಮೇಲೆ ಕೆಎಸ್‌ಪಿ ಆ್ಯಪ್ ಬಂತು, ಅದರಲ್ಲೂ ತುರ್ತು ಬಟನ್ ಇದೆ. ಆ್ಯಪ್ ಇಟ್ಟುಕೊಳ್ಳಿ, ಆದರೆ ನೆನಪಿನಲ್ಲಿ 112 ಇರಲಿ.

ಕರೆ ಮಾಡಿದಾಗ ಮೊದಲು ಜಾಗ ಹೇಳಿ, ಆಮೇಲೆ ಕಥೆ. "ಜಯನಗರ ಫೋರ್ತ್ ಬ್ಲಾಕ್" ಅಂದರೆ ಸಾಲದು. ಅಡ್ಡರಸ್ತೆ, ಮುಖ್ಯರಸ್ತೆ, ಎದುರಿಗಿರುವ ಅಂಗಡಿ ಅಥವಾ ದೇವಸ್ಥಾನದ ಹೆಸರು ಹೇಳಿ. ನಮ್ಮ ಕಡೆ ಒಂದೇ ನಂಬರಿನ ಅಡ್ಡರಸ್ತೆಗಳು ಬ್ಲಾಕಿಗೊಂದು, ಹಂತಕ್ಕೊಂದು ಇರುತ್ತವೆ.

ಕೈಗೆ ಏನು ಬರುತ್ತೆ? ಕರೆಯ ಸಮಯ. ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ. ಬಂದ ಹೊಯ್ಸಳದ ಮೇಲೆ ಬರೆದಿರುವ ನಂಬರ್ ಗುರುತು ಮಾಡಿಕೊಳ್ಳಿ. ಹೊಯ್ಸಳ ಬಂದು ಗಲಾಟೆ ಬಿಡಿಸಿ ಹೋದರೆ ಅದು ಎಫ್‌ಐಆರ್ ಆಗಲ್ಲ. ಪ್ರಕರಣ ಬೇಕಿದ್ದರೆ ಠಾಣೆಗೆ ಲಿಖಿತ ದೂರು ಕೊಡಲೇಬೇಕು. ಆ ದೂರಿನಲ್ಲಿ "ಇಷ್ಟು ಗಂಟೆಗೆ 112ಕ್ಕೆ ಕರೆ ಮಾಡಿದ್ದೆ" ಅಂತ ಒಂದು ಸಾಲು ಸೇರಿಸಿ.

1930: ದುಡ್ಡು ಹೋದ ಕೂಡಲೇ

ಎನ್‌ಸಿಆರ್‌ಬಿ ವರದಿಗಳ ಪ್ರಕಾರ ಬೆಂಗಳೂರಿನಲ್ಲಿ 2022ರಲ್ಲಿ 9,940 ಸೈಬರ್ ಅಪರಾಧ ಪ್ರಕರಣ ದಾಖಲಾಗಿದ್ದವು, 2023ರಲ್ಲಿ ಅದು 17,631ಕ್ಕೆ ಏರಿತು. ದೇಶದ ಮಹಾನಗರಗಳಲ್ಲೇ ನಾವು ಮುಂದೆ. ಇದನ್ನು ನೋಡಿ ಬೆಂಗಳೂರಿನವರೇ ಹೆಚ್ಚು ಮೋಸ ಹೋಗುತ್ತಾರೆ ಅಂತ ತೀರ್ಮಾನಿಸಬೇಡಿ. ದೂರು ದಾಖಲಿಸುವ ನಗರದ ಅಂಕಿ ದೊಡ್ಡದಾಗಿ ಕಾಣುತ್ತೆ, ದಾಖಲಿಸದ ನಗರ ಕಾಗದದ ಮೇಲೆ ಸುಭಿಕ್ಷವಾಗಿರುತ್ತೆ.

ಖಾತೆಯಿಂದ ದುಡ್ಡು ಹೋಯಿತು ಅಂತ ಗೊತ್ತಾದ ಕ್ಷಣವೇ 1930ಕ್ಕೆ ಕರೆ ಮಾಡಿ. ಕದ್ದ ದುಡ್ಡು ಒಂದು ಖಾತೆಯಲ್ಲಿ ಕೂರಲ್ಲ. ಒಂದರಿಂದ ಹತ್ತಕ್ಕೆ ಹರಿದು ಎಟಿಎಂ ಮೂಲಕ ಹೊರಗೆ ಹೋಗುತ್ತೆ. 1930ರ ವ್ಯವಸ್ಥೆ ಬ್ಯಾಂಕುಗಳಿಗೆ ಸೂಚನೆ ಕಳಿಸಿ, ದಾರಿಯಲ್ಲಿ ಉಳಿದಿರುವ ಹಣವನ್ನು ತಡೆಹಿಡಿಸುತ್ತೆ. ಮೊದಲ ಒಂದೆರಡು ಗಂಟೆ ಚಿನ್ನದಂಥ ಸಮಯ ಅನ್ನುವುದು ಅದಕ್ಕೇ. ಮನೆಯವರಿಗೆ ಹೇಗೆ ಹೇಳೋದು ಅಂತ ನಾಚಿಕೊಂಡು ಕೂತರೆ ಆ ಸಮಯ ಜಾರಿಹೋಗುತ್ತೆ. ವಹಿವಾಟಿನ ನಂಬರ್, ಮೊತ್ತ, ಸಮಯ, ಬ್ಯಾಂಕಿನ ಹೆಸರು ಹತ್ತಿರ ಇಟ್ಟುಕೊಳ್ಳಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ ದೂರು ಹಾಕಬಹುದು.

ಕೈಗೆ ಬರುವುದು ಒಂದು ಸ್ವೀಕೃತಿ ಸಂಖ್ಯೆ. ಅದೂ ಎಫ್‌ಐಆರ್ ಅಲ್ಲ. ಆ ಸಂಖ್ಯೆ ಹಿಡಿದು ಠಾಣೆಗೋ ಸೆನ್ ಠಾಣೆಗೋ ಹೋಗಿ ಎಫ್‌ಐಆರ್ ಮಾಡಿಸಿ. ತಡೆಹಿಡಿದ ಹಣ ವಾಪಸ್ ಪಡೆಯುವಾಗ ಈ ಕಾಗದಗಳೇ ಬೇಕಾಗುತ್ತವೆ.

ಇನ್ನೊಂದು ಮಾತು, ಮನೆಯ ಹಿರಿಯರಿಗೂ ಹೇಳಿ: 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ವಿಡಿಯೊ ಕಾಲ್‌ನಲ್ಲಿ ಯೂನಿಫಾರ್ಮ್ ಹಾಕಿಕೊಂಡವನು ಬಾಗಿಲು ಹಾಕಿಕೊಂಡು ಕೂರಿ ಅಂದರೆ ಅವನು ಪೊಲೀಸನಲ್ಲ.

ಠಾಣೆಯೊಳಗೆ: ಎಫ್‌ಐಆರ್, ಎನ್‌ಸಿಆರ್, ಹಿಂಬರಹ

ಠಾಣೆಯಿಂದ ನೀವು ಮೂರರಲ್ಲಿ ಒಂದು ಕಾಗದ ಪಡೆದೇ ಹೊರಬರಬೇಕು.

ಗಂಭೀರ ಅಪರಾಧವಾದರೆ ಎಫ್‌ಐಆರ್. ಸಂಜ್ಞೇಯ ಅಪರಾಧದ ಮಾಹಿತಿ ಸಿಕ್ಕರೆ ಎಫ್‌ಐಆರ್ ಕಡ್ಡಾಯ ಅಂತ ಸುಪ್ರೀಂ ಕೋರ್ಟ್ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಹೇಳಿದೆ. ಕೌಟುಂಬಿಕ ವ್ಯಾಜ್ಯ, ವಾಣಿಜ್ಯ ವ್ಯಾಜ್ಯದಂಥ ಕೆಲವು ಸಂದರ್ಭದಲ್ಲಿ ಮೊದಲು ಪ್ರಾಥಮಿಕ ವಿಚಾರಣೆಗೆ ಅವಕಾಶವಿದೆ. ಹೊಸ ಸಂಹಿತೆಯಲ್ಲಿ ಮೂರು ವರ್ಷದಿಂದ ಏಳು ವರ್ಷದೊಳಗೆ ಶಿಕ್ಷೆ ಇರುವ ಅಪರಾಧಗಳಿಗೆ, ಮೇಲಧಿಕಾರಿಯ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮುಗಿಸಬಹುದು. "ವಿಚಾರಣೆ ಮಾಡ್ತಿದ್ದೀವಿ" ಅಂದರೆ ಈ ಗಡುವನ್ನು ನೆನಪಿಸಿ. ಎಫ್‌ಐಆರ್ ಪ್ರತಿ ಉಚಿತ, ಅದು ನಿಮ್ಮ ಹಕ್ಕು. ಇಮೇಲ್‌ನಂಥ ವಿದ್ಯುನ್ಮಾನ ಮಾರ್ಗದಲ್ಲೂ ಮಾಹಿತಿ ಕೊಡಬಹುದು, ಮೂರು ದಿನದೊಳಗೆ ಸಹಿ ಹಾಕಿದರೆ ಅದು ದಾಖಲಾಗುತ್ತೆ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು.

ಬೈಗುಳದಂಥ ಚಿಕ್ಕ, ಅಸಂಜ್ಞೇಯ ವಿಷಯವಾದರೆ ಎನ್‌ಸಿಆರ್. ಅದಕ್ಕೂ ಒಂದು ನಂಬರ್ ಇರುತ್ತೆ.

ಪೊಲೀಸರು ಏನೂ ಮಾಡಲ್ಲ ಅಂತ ನಿರ್ಧರಿಸಿದರೆ ಹಿಂಬರಹ. "ಇದು ಸಿವಿಲ್ ಸ್ವರೂಪದ್ದು, ಕೋರ್ಟಿಗೆ ಹೋಗಿ" ಅಂತ ಬಾಯಲ್ಲಿ ಹೇಳಿದರೆ, "ಸರ್, ಅದನ್ನೇ ಹಿಂಬರಹದಲ್ಲಿ ಬರೆದು ಕೊಡಿ" ಅನ್ನಿ. ಬಾಡಿಗೆ ಅಡ್ವಾನ್ಸ್ ವಾಪಸ್ ಕೊಡದ ಮಾಲೀಕರ ವಿರುದ್ಧ ಹೋದವರಿಗೆ ಈ ಕಾಗದದ ಬೆಲೆ ಗೊತ್ತು. ನಿರಾಕರಣೆಯೂ ಬರಹದಲ್ಲಿದ್ದರೆ ಮೇಲೆ ಹೋಗಲು ಅದೇ ಮೆಟ್ಟಿಲು.

ದೂರನ್ನು ಯಾವಾಗಲೂ ಎರಡು ಪ್ರತಿ ಮಾಡಿ. ಒಂದರ ಮೇಲೆ ಠಾಣೆಯ ಸೀಲು, ತಾರೀಕು ಹಾಕಿಸಿಕೊಳ್ಳಿ. ಕನ್ನಡದಲ್ಲೇ ಬರೆಯಿರಿ. ಗೊತ್ತಿಲ್ಲದ ಕಲಮುಗಳನ್ನು ಹಾಕುವ ಅಗತ್ಯವಿಲ್ಲ. ಯಾವಾಗ, ಎಲ್ಲಿ, ಯಾರು, ಏನು ಮಾಡಿದರು, ಯಾರು ನೋಡಿದರು, ಇಷ್ಟು ಸಾಕು.

ಫೋನ್ 'ಕಳೆದುಹೋಯ್ತಾ', ಕಿತ್ತುಕೊಂಡು ಹೋದ್ರಾ?

ಇ-ಲಾಸ್ಟ್ ವ್ಯವಸ್ಥೆ ತುಂಬ ಉಪಯುಕ್ತ. ಡಿಎಲ್, ಮಾರ್ಕ್ಸ್ ಕಾರ್ಡ್, ಸಿಮ್, ಮೊಬೈಲ್ ಕಳೆದುಕೊಂಡರೆ ಠಾಣೆಗೆ ಅಲೆಯದೆ ಫೋನಿನಲ್ಲೇ ಸ್ವೀಕೃತಿ ಪಡೆಯಬಹುದು. ಆದರೆ ಅದು ಕಳೆದ ವಸ್ತುವಿಗೆ ಮಾತ್ರ. ಬೈಕಲ್ಲಿ ಬಂದು ಫೋನ್ ಕಿತ್ತುಕೊಂಡು ಹೋದರೆ ಅದು ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಮಿನಡಿ ಪ್ರತ್ಯೇಕ ಅಪರಾಧ. "ಕಳೆದುಹೋಯ್ತು ಅಂತ ಹಾಕಿಬಿಡಿ, ಬೇಗ ಆಗುತ್ತೆ" ಅಂತ ಯಾರೇ ಸಲಹೆ ಕೊಟ್ಟರೂ ಒಪ್ಪಬೇಡಿ. ನೀವು 'ಕಳೆದುಹೋಯ್ತು' ಎಂದು ಬರೆದ ಕೂಡಲೇ ಆ ರಸ್ತೆಯ ಲೆಕ್ಕದಿಂದ ಒಂದು ಅಪರಾಧ ಮಾಯವಾಗುತ್ತೆ. ಲೆಕ್ಕದಲ್ಲಿಲ್ಲದ ರಸ್ತೆಗೆ ಗಸ್ತು ಹಾಕಿ ಅಂತ ಕೇಳುವುದು ಕಷ್ಟ.

ಎರಡೂ ಸಂದರ್ಭದಲ್ಲಿ ಫೋನನ್ನು ನಿಷ್ಕ್ರಿಯ ಮಾಡಿಸಲು ಸಿಇಐಆರ್ ತಾಣವಿದೆ. 2023ರ ಮೇ ತಿಂಗಳಿಂದ ದೇಶಾದ್ಯಂತ ಇದೆ. ಪೊಲೀಸ್ ದೂರಿನ ಪ್ರತಿ ಮತ್ತು ಐಎಂಇಐ ಸಂಖ್ಯೆ ಬೇಕು. ಐಎಂಇಐಯನ್ನು ಈಗಲೇ ಡಯಲ್ ಪ್ಯಾಡ್‌ನಲ್ಲಿ ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿ ನೋಡಿ, ಬೇರೆ ಕಡೆ ಬರೆದಿಡಿ.

ಹೆಣ್ಣುಮಕ್ಕಳಿಗೆ, ಮಕ್ಕಳಿಗೆ

ಮಹಿಳೆಯರಿಗೆ 181 ಮತ್ತು ಪೊಲೀಸರ 1091, ಮಕ್ಕಳಿಗೆ 1098. ದಕ್ಷಿಣ ಭಾಗದಲ್ಲಿ ಬಸವನಗುಡಿ ಮಹಿಳಾ ಠಾಣೆ ಇದೆ. ಆದರೆ ಮಹಿಳಾ ಠಾಣೆಗೇ ಹೋಗಬೇಕು ಅಂತೇನೂ ಇಲ್ಲ, ಯಾವ ಠಾಣೆಯೂ ನಿಮ್ಮ ದೂರು ತೆಗೆದುಕೊಳ್ಳಬೇಕು. ಲೈಂಗಿಕ ಅಪರಾಧಗಳಲ್ಲಿ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಇಂಥ ಗಂಭೀರ ಅಪರಾಧಗಳ ಮಾಹಿತಿ ದಾಖಲಿಸದ ಸರ್ಕಾರಿ ನೌಕರನಿಗೆ ನ್ಯಾಯ ಸಂಹಿತೆಯ 199ನೇ ಕಲಮಿನಡಿ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು ಶಿಕ್ಷೆ ಇದೆ. ವಿಚಾರಣೆಗೆ ಸಾಕ್ಷಿಯಾಗಿ ಮಹಿಳೆಯನ್ನು ಆಕೆಯ ಮನೆ ಬಿಟ್ಟು ಬೇರೆಡೆಗೆ ಬರಲೇಬೇಕು ಅಂತ ಒತ್ತಾಯಿಸುವಂತಿಲ್ಲ.

ಮನೆಯೊಳಗಿನ ಹಿಂಸೆಗೆ ಇನ್ನೂ ಒಂದು ದಾರಿಯಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಕರ್ನಾಟಕದಲ್ಲಿ ಸಿಡಿಪಿಒಗಳೇ ಸಂರಕ್ಷಣಾಧಿಕಾರಿಗಳು. ಅವರು ಬರೆಯುವ ಕೌಟುಂಬಿಕ ಘಟನಾ ವರದಿಯಿಂದ ನ್ಯಾಯಾಲಯದಲ್ಲಿ ರಕ್ಷಣೆ, ವಾಸದ ಹಕ್ಕು, ಜೀವನಾಂಶ ಕೇಳಬಹುದು. ಪೊಲೀಸ್ ವನಿತಾ ಸಹಾಯವಾಣಿಯ ಆಪ್ತಸಮಾಲೋಚನೆ ಎಷ್ಟೋ ಮನೆಗಳಿಗೆ ನೆರವಾಗಿದೆ. ಆದರೆ ಸಮಾಲೋಚನೆಗೆ ಹೋಗುವುದು, ಬಿಡುವುದು ಆಕೆಯ ಇಷ್ಟ. "ರಾಜಿ ಮಾಡ್ಕೊಳ್ಳಿ ಅಮ್ಮ" ಅನ್ನುವುದು ಕಾನೂನಲ್ಲ, ಸಲಹೆ ಅಷ್ಟೇ.

ಹೊಡೆತ ಬಿದ್ದಿದ್ದರೆ ಮೊದಲು ಆಸ್ಪತ್ರೆ. ಜಯನಗರ ಜನರಲ್ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಯಲ್ಲಿ ಹೇಗಾಯಿತು ಅಂತ ನಿಜ ಹೇಳಿ, ಎಂಎಲ್‌ಸಿ ಮಾಡಿಸಿ. "ಮೆಟ್ಟಿಲಿಂದ ಬಿದ್ದೆ" ಅಂದರೆ ಕಾಗದದ ಮೇಲೆ ಅದೇ ಉಳಿಯುತ್ತೆ. ಅತ್ಯಾಚಾರ, ಆ್ಯಸಿಡ್ ದಾಳಿಗೆ ಒಳಗಾದವರಿಗೆ ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ಕೊಡಬೇಕು ಎಂಬುದು ಕಾನೂನು.

ಒಂಟಿ ಹಿರಿಯರು

ಜಯನಗರ, ಬಸವನಗುಡಿಯ ಹಳೇ ಮನೆಗಳಲ್ಲಿ ಮಕ್ಕಳು ಹೊರದೇಶದಲ್ಲಿ, ಅಜ್ಜ ಅಜ್ಜಿ ಇಲ್ಲಿ, ಇದು ಎಲ್ಲರಿಗೂ ಗೊತ್ತಿರುವ ಚಿತ್ರ. ಬೆಂಗಳೂರು ಪೊಲೀಸರು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಜೊತೆ 2002ರಿಂದ ನಡೆಸುತ್ತ ಬಂದ ಹಿರಿಯರ ಸಹಾಯವಾಣಿ 1090. ಕೇಂದ್ರದ ಹಿರಿಯರ ಸಹಾಯವಾಣಿ 14567. ಆಸ್ತಿ ಬರೆಸಿಕೊಂಡು ನೋಡಿಕೊಳ್ಳದ ಮಕ್ಕಳ ವಿಷಯದಲ್ಲಿ ಬರೀ ಠಾಣೆಗೆ ಅಲೆದರೆ ಪ್ರಯೋಜನ ಕಡಿಮೆ. 2007ರ ಕಾಯ್ದೆಯಡಿ ಕಂದಾಯ ಇಲಾಖೆಯ ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಬೇಕು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ದಾನಪತ್ರವನ್ನು ರದ್ದುಪಡಿಸುವ ಅಧಿಕಾರ ಅಲ್ಲಿದೆ.

ಪಿಜಿಯಲ್ಲಿರುವವರು ಮತ್ತು ಕ್ಯಾಮೆರಾ

2024ರ ಜುಲೈನಲ್ಲಿ ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯ ಕೊಲೆಯಾದ ಮೇಲೆ ಪಾಲಿಕೆ ಪಿಜಿಗಳಿಗೆ ನಿಯಮ ತಂದಿತು: ಸಿಸಿಟಿವಿ, ಕಾವಲು, ತಲಾ 70 ಚದರಡಿ ಜಾಗ, ಪಾಲಿಕೆ ಮತ್ತು ಪೊಲೀಸರ ಸಹಾಯವಾಣಿ ಸಂಖ್ಯೆ ಬರೆದ ಫಲಕ. ನಿಮ್ಮ ಪಿಜಿಯಲ್ಲಿ ಆ ಫಲಕ ಇದೆಯಾ ನೋಡಿ.

ಕ್ಯಾಮೆರಾ ವಿಷಯಕ್ಕೆ ಬಂದರೆ, ನಿರ್ಭಯಾ ನಿಧಿಯಿಂದ ಬೆಂಗಳೂರಿನ ಸೇಫ್ ಸಿಟಿ ಯೋಜನೆಗೆ 667 ಕೋಟಿ ರೂಪಾಯಿ ಮಂಜೂರಾಯಿತು. ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾ, ಬಟನ್ ಒತ್ತಿ ಕಂಟ್ರೋಲ್ ರೂಮ್ ಜೊತೆ ಮಾತಾಡಬಹುದಾದ ಸುರಕ್ಷಾ ದ್ವೀಪಗಳು, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಕಮಾಂಡ್ ಸೆಂಟರ್ ಇವೆಲ್ಲ ಅದರ ಭಾಗ. ಕ್ಯಾಮೆರಾ ಬೇಡ ಅನ್ನುವವನು ನಾನಲ್ಲ. ಆದರೆ ಕ್ಯಾಮೆರಾ ಆದದ್ದನ್ನು ತೋರಿಸುತ್ತೆ, ಆಗದಂತೆ ತಡೆಯುವುದು ಕಡಿಮೆ. ಜೊತೆಗೆ ದೃಶ್ಯ ಎಂದೆಂದಿಗೂ ಉಳಿಯಲ್ಲ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆಯಡಿ ಹೆಚ್ಚು ಜನ ಸೇರುವ ಸಂಸ್ಥೆಗಳು ದೃಶ್ಯಗಳನ್ನು 30 ದಿನ ಉಳಿಸಬೇಕು. ಆದ್ದರಿಂದ ದೂರಿನಲ್ಲೇ ಬರೆಯಿರಿ: "ಇಂಥ ಅಂಗಡಿ, ಇಂಥ ಕಟ್ಟಡದ ಸಿಸಿಟಿವಿ ದೃಶ್ಯವನ್ನು ತಕ್ಷಣ ವಶಪಡಿಸಿಕೊಳ್ಳಿ." ಈ ಒಂದು ಸಾಲು ಎಷ್ಟೋ ಪ್ರಕರಣಗಳನ್ನು ಉಳಿಸಬಲ್ಲದು.

ಪೊಲೀಸ್ ಠಾಣೆಯ ಮೇಲೂ ಕ್ಯಾಮೆರಾ ಇರಬೇಕು. ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಲಿ, ಸಾಧ್ಯವಾದಲ್ಲಿ 18 ತಿಂಗಳ ದೃಶ್ಯ ಉಳಿಯಲಿ ಅಂತ ಆದೇಶಿಸಿತು. ಠಾಣೆಯಲ್ಲಿ ನಿಮ್ಮ ಜೊತೆ ಕೆಟ್ಟದಾಗಿ ನಡೆದುಕೊಂಡರೆ, ಹೋದ ತಾರೀಕು, ಗಂಟೆ ಬರೆದಿಡಿ. ಆ ದೃಶ್ಯ ಕೇಳುವ ಹಕ್ಕು ನಿಮಗಿದೆ.

ಠಾಣೆ ಕೇಳದಿದ್ದರೆ

ಮೆಟ್ಟಿಲು ಹೀಗೆ. ಮೊದಲು ಇನ್‌ಸ್ಪೆಕ್ಟರ್, ಆಮೇಲೆ ಎಸಿಪಿ, ಆಮೇಲೆ ಡಿಸಿಪಿಗೆ ಅಂಚೆಯಲ್ಲಿ ದೂರು. ಅದಕ್ಕೂ ಜಗ್ಗದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಬಳಿ ಅರ್ಜಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ಸೇವೆಗಳ 15100ಕ್ಕೆ ಕರೆ ಮಾಡಿ. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ನಮ್ಮ ಕಡೆಯೇ ಇದೆ, ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತೆ.

ಪೊಲೀಸರ ದುರ್ವರ್ತನೆಗೆ ರಾಜ್ಯ ಮಾನವ ಹಕ್ಕುಗಳ ಆಯೋಗವಿದೆ. 2012ರ ಕರ್ನಾಟಕ ಪೊಲೀಸ್ ತಿದ್ದುಪಡಿ ಕಾಯ್ದೆಯಡಿ ಪೊಲೀಸ್ ದೂರು ಪ್ರಾಧಿಕಾರಗಳೂ ಇವೆ. ಇಲಾಖೆಯೇ ತೆರೆದ ಕಿಟಕಿಗಳೂ ಉಂಟು. ಠಾಣೆಯ ಅನುಭವಕ್ಕೆ ಅಂಕ ಕೊಡುವ 'ಲೋಕಸ್ಪಂದನ' ಕ್ಯೂಆರ್ ಕೋಡ್ ಮೊದಲು ಶುರುವಾದದ್ದು ಬಿಟಿಎಂ ಸೇರಿದ ಆಗ್ನೇಯ ವಿಭಾಗದಲ್ಲೇ, ಆಮೇಲೆ ನಗರಕ್ಕೆಲ್ಲ ಹಬ್ಬಿತು. ಬಿ. ದಯಾನಂದ ಅವರು ಆಯುಕ್ತರಾಗಿದ್ದಾಗ 2023ರಲ್ಲಿ ತಿಂಗಳ ನಾಲ್ಕನೇ ಶನಿವಾರ ಮಾಸಿಕ ಜನಸಂಪರ್ಕ ದಿವಸ ಶುರುವಾಯಿತು. ಮುಂದಿನದು ಯಾವಾಗ, ಎಲ್ಲಿ ಅಂತ ನಿಮ್ಮ ಠಾಣೆಯಲ್ಲಿ ಕೇಳಿ. ಒಬ್ಬರೇ ಹೋಗಬೇಡಿ, ರಸ್ತೆಯವರು ನಾಲ್ಕು ಜನ ಸೇರಿ ಹೋಗಿ, ಬೇಡಿಕೆಯನ್ನು ಬರೆದು ಕೊಡಿ.

ಇಲ್ಲಿಂದ ಮುಂದಿನದು ರಾಜಕೀಯ

ಸುರಕ್ಷತೆ ಪೂರ್ತಿ ಪೊಲೀಸರ ಕೈಲಿಲ್ಲ. ಬೀದಿದೀಪ, ಫುಟ್‌ಪಾತ್, ಪಾಳು ಸೈಟು ಪಾಲಿಕೆಗೆ ಸೇರಿದ್ದು. 2025ರ ಸೆಪ್ಟೆಂಬರ್‌ನಿಂದ ನಾವು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿ ಹಂಚಿಹೋದೆವು. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಹಳೇ ಕೌನ್ಸಿಲ್‌ನ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇಲ್ಲದೆ ಕಳೆದೆವು. ಕತ್ತಲ ಗಲ್ಲಿಯ ಬಗ್ಗೆ ಯಾರ ಕೊರಳಪಟ್ಟಿ ಹಿಡಿಯೋದು ಅಂತ ಜನಕ್ಕೆ ಗೊತ್ತಾಗದಂತೆ ಆದದ್ದು ಹಾಗೆ.

ಅದಕ್ಕೇ ಹೇಳುತ್ತಿರುವುದು, ದಾಖಲೆ ಬರೀ ನಿಮ್ಮ ಒಬ್ಬರ ಕೇಸಿಗಲ್ಲ. ನಿಮ್ಮ ವಾರ್ಡಿನಿಂದ ಎಷ್ಟು ಕರೆ ಹೋದವು, ಎಷ್ಟು ಎಫ್‌ಐಆರ್ ಆದವು, ಎಷ್ಟಕ್ಕೆ ಹಿಂಬರಹ ಕೊಟ್ಟರು ಅಂತ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಆ ಉತ್ತರ ಹಿಡಿದು ಶಾಸಕರ ಮುಂದೆ ನಿಂತರೆ "ಅಲ್ಲೊಂದು ಇಲ್ಲೊಂದು" ಅಂತ ಯಾರೂ ಹೇಳಲಾಗಲ್ಲ. ಎಲ್ಲಿ, ಎಷ್ಟು ಅಂತ ಕಾಗದದ ಮೇಲೇ ಇರುತ್ತೆ.

ಮನೆಗೆಲಸದವರು, ಡೆಲಿವರಿ ಹುಡುಗರು, ಬೇರೆ ಊರಿಂದ ಬಂದು ಪಿಜಿಯಲ್ಲಿರುವವರು ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ. ಅವರ ಜೊತೆ ಹೋಗಿ ಪಕ್ಕದಲ್ಲಿ ಕೂರುವುದು, ದೂರು ಬರೆದುಕೊಡುವುದು, ಸೀಲು ಬೀಳುವವರೆಗೆ ಅಲ್ಲೇ ಇರುವುದು ಯಾವ ಹೋರಾಟಕ್ಕೂ ಕಡಿಮೆಯ ಕೆಲಸವಲ್ಲ. ಇದನ್ನು ಓದಿದವರಲ್ಲಿ ಹತ್ತು ಜನ ಅಷ್ಟು ಮಾಡಿದರೂ ಈ ಕೈಪಿಡಿ ಸಾರ್ಥಕ.